ನಾಸ್ತಿಕ ಬ್ರಾಡ್ಲಾ ದೇವರ ಹೆಸರಿನಲ್ಲಿ ಪ್ರಮಾಣ ಮಾಡಿದ್ದು ಸರಿಯೇ?

ಪರ

1880ರಲ್ಲಿ ನಾರ್ಥಾಂಪ್ಟನ್‌ನ ಮತದಾರರು ಚಾರ್ಲ್ಸ್ ಬ್ರಾಡ್ಲಾ ಅವರನ್ನು ಬ್ರಿಟಿಷ್ ಸಂಸತ್ತಿಗೆ ಆರಿಸಿದ್ದು ಅವರು ನಾಸ್ತಿಕರೆಂದು ಗೊತ್ತಿದ್ದೇ. ಬ್ರಾಡ್ಲಾ ಮೊದಲು ಕೇಳಿದ್ದು ದೇವರ ಹೆಸರಿಲ್ಲದ ದೃಢೀಕರಣವನ್ನು. ಸಮಿತಿಯಲ್ಲಿ ಮತಗಳು ಸಮಸಮವಾಗಿ, ಅಧ್ಯಕ್ಷರ ಒಂದೇ ಮತದಿಂದ ಅದು ತಪ್ಪಿತು. ಹಾಗಾದರೆ ಎಲ್ಲರಂತೆ ಪ್ರಮಾಣವನ್ನೇ ಮಾಡುತ್ತೇನೆ ಎಂದರೆ, ನಾಸ್ತಿಕನಿಗೆ ಅದೂ ಸಲ್ಲದು ಎಂದಿತು ಸದನ. ಎರಡೂ ಬಾಗಿಲು ಮುಚ್ಚಿದರೆ ಮತ ಹಾಕಿದವರ ಗತಿಯೇನು?

ಪಟ್ಟು ಬಿಡದ್ದಕ್ಕೆ ಆ ಜೂನ್‌ನಲ್ಲಿ ಒಂದು ರಾತ್ರಿ ಸಂಸತ್ತಿನ ಗಡಿಯಾರ ಗೋಪುರದಲ್ಲಿ ಸೆರೆ. 1881ರ ಆಗಸ್ಟ್ 3ರಂದು ಪೊಲೀಸರೂ ಸದನದ ಸಿಬ್ಬಂದಿಯೂ ಸೇರಿ ಆ ಭಾರೀ ಆಳನ್ನು ದರದರನೆ ಎಳೆದು ಹೊರದಬ್ಬಿದರು, ಮೈಮೇಲಿನ ಬಟ್ಟೆ ಹರಿದುಹೋಯಿತು. 1881, 1882, 1884ರ ಉಪಚುನಾವಣೆಗಳಲ್ಲಿ ನಾರ್ಥಾಂಪ್ಟನ್ ಮತ್ತೆ ಮತ್ತೆ ಅವರನ್ನೇ ಗೆಲ್ಲಿಸಿತು. ಕೊನೆಗೆ 1886ರಲ್ಲಿ ಸ್ಪೀಕರ್ ಆರ್ಥರ್ ಪೀಲ್ ಯಾರ ಆಕ್ಷೇಪಕ್ಕೂ ಕಿವಿಗೊಡದೆ ಪ್ರಮಾಣಕ್ಕೆ ಅವಕಾಶ ಕೊಟ್ಟರು.

ಬ್ರಾಡ್ಲಾ ಯಾರನ್ನೂ ವಂಚಿಸಲಿಲ್ಲ. ದೇವರ ಮಾತು ತನಗೆ ಅರ್ಥಹೀನ, ಆದರೆ ಕೊಟ್ಟ ವಚನಕ್ಕೆ ಬದ್ಧ ಎಂದು ಮೊದಲೇ ಬಹಿರಂಗವಾಗಿ ಬರೆದಿದ್ದರು. ಒಳಹೊಕ್ಕಿದ್ದರಿಂದಲೇ 1888ರಲ್ಲಿ ಮುಂದಿನವರೆಲ್ಲರಿಗೂ ದೃಢೀಕರಣದ ಹಕ್ಕು ತಂದುಕೊಟ್ಟರು. 1889ರಲ್ಲಿ ಬೊಂಬಾಯಿಯ ಕಾಂಗ್ರೆಸ್ ಅಧಿವೇಶನಕ್ಕೆ ಬಂದು, ಮರುವರ್ಷ ಭಾರತದ ಶಾಸನಸಭೆಗಳ ಸುಧಾರಣೆಗೆ ಮಸೂದೆಯನ್ನೂ ಮಂಡಿಸಿದರು. ಮತವೇ ಇಲ್ಲದ ನಮ್ಮ ಹಿರಿಯರಿಗೆ ಅಲ್ಲಿ ದನಿಯಾದವರು ಅವರು. ಹೊರಗೇ ನಿಂತಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ವಿರೋಧ

ಹೊರಗೆ ನಿಂತೂ ಗೆಲ್ಲಬಹುದೆಂದು ಲಿಯೋನೆಲ್ ಡಿ ರಾಥ್‌ಚೈಲ್ಡ್ ತೋರಿಸಿದ್ದರು. 1847ರಲ್ಲಿ ಲಂಡನ್ ನಗರದಿಂದ ಗೆದ್ದ ಈ ಯಹೂದಿ, ‘ಕ್ರೈಸ್ತನ ನಿಜ ನಂಬಿಕೆಯ ಮೇಲೆ’ ಎಂಬ ಮಾತನ್ನು ಬಾಯಿಂದ ಆಡಲೊಪ್ಪದೆ 1858ರವರೆಗೆ ಕಾದರು. ಬಾಗಿದ್ದು ಸಂಸತ್ತು. ಅಷ್ಟು ತಾಳ್ಮೆ ಬ್ರಾಡ್ಲಾ ಅವರಿಗಿರಲಿಲ್ಲ. 1882ರಲ್ಲಂತೂ ಜೇಬಿನಿಂದ ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ತೆಗೆದು, ತಾವೇ ಪ್ರಮಾಣ ಓದಿಕೊಂಡುಬಿಟ್ಟರು. ರ‍್ಯಾಂಡಾಲ್ಫ್ ಚರ್ಚಿಲ್‌ರಂಥ ವಿರೋಧಿಗಳಿಗೆ ಇದಕ್ಕಿಂತ ಒಳ್ಳೆಯ ಅಸ್ತ್ರ ಬೇಕಿತ್ತೇ? ದೃಢೀಕರಣಕ್ಕಾಗಿ ಗ್ಲಾಡ್‌ಸ್ಟನ್ ಸರ್ಕಾರ ತಂದ ಮಸೂದೆ 1883ರಲ್ಲಿ ಮೂರೇ ಮತಗಳಿಂದ ಬಿತ್ತು. ಆಗ ಅದರ ಹಿಂದೆ ಗಟ್ಟಿಯಾಗಿ ನಿಲ್ಲಬೇಕಿತ್ತು.

ಇದಕ್ಕಿಂತ ನೋಯಿಸುವ ಸಂಗತಿ ಬೇರೆಯಿದೆ. 1869ರ ಕಾನೂನು ಬರುವ ಮುಂಚೆ, ಪ್ರಮಾಣ ಮಾಡಲಾರದ ನಾಸ್ತಿಕರು ಇಂಗ್ಲೆಂಡಿನ ಕೋರ್ಟುಗಳಲ್ಲಿ ಸಾಕ್ಷಿ ನುಡಿಯುವಂತಿರಲಿಲ್ಲ. ಎರಡು ಸುಳ್ಳು ಶಬ್ದ ನುಡಿದಿದ್ದರೆ ಉಳಿಯುತ್ತಿದ್ದ ಹಕ್ಕನ್ನು ಅವರು ಕಳೆದುಕೊಂಡರು. ಅಂಥವರು ನಾಯಕನೆಂದು ನಂಬಿದ್ದ ವ್ಯಕ್ತಿ ಆ ಶಬ್ದಗಳನ್ನು ಉಚ್ಚರಿಸಬಾರದಿತ್ತು.