ಎಂಟು ತಿಂಗಳ ಹೊಟ್ಟೆ ಮತ್ತು ಅರ್ಧ ಕಿಲೋಮೀಟರ್ ಪಾದಚಾರಿ ಮಾರ್ಗ

ದಿನಕ್ಕೆ ಅರ್ಧ ಗಂಟೆ ನಡೆಯಿರಿ ಎಂದು ಡಾಕ್ಟರು ಹೇಳಿದ್ದಾರೆ. ಎಲ್ಲಿ ನಡೆಯಲಿ? ಶಿವಮೊಗ್ಗದಿಂದ ಬಸವನಗುಡಿಗೆ ಬಂದು ಎರಡು ತಿಂಗಳಾಯಿತು. ಕೃಷ್ಣರಾವ್ ಪಾರ್ಕ್ ಮನೆಯಿಂದ ಅರ್ಧ ಕಿಲೋಮೀಟರ್ ಕೂಡ ಇಲ್ಲ, ಆದರೆ ಅಲ್ಲಿಗೆ ತಲುಪುವುದರಲ್ಲೇ ಜೀವ ಬಾಯಿಗೆ ಬರುತ್ತದೆ. ಒಂದು ಚಪ್ಪಡಿ ಮೇಲೆದ್ದಿದೆ, ಇನ್ನೊಂದು ಕಾಲಿಟ್ಟರೆ ಅಲುಗಾಡುತ್ತದೆ. ಮುಂದೆ ಟ್ರಾನ್ಸ್‌ಫಾರ್ಮರ್, ಅದರಾಚೆ ಯಾರದೋ ಮನೆ ಕಟ್ಟುವ ಜಲ್ಲಿ. ಎಂಟನೇ ತಿಂಗಳಲ್ಲಿ ನನ್ನ ಪಾದಗಳೇ ನನಗೆ ಕಾಣುವುದಿಲ್ಲ, ಎಡವಿದರೆ ಯಾರು ಹೊಣೆ?

ಇದನ್ನೂ ಸಹಿಸಿಕೊಳ್ಳಬಹುದು. ಸಿಗ್ನಲ್ ತಪ್ಪಿಸಲು ಪಾದಚಾರಿ ಮಾರ್ಗಕ್ಕೇ ಸ್ಕೂಟರ್ ಹತ್ತಿಸಿ, ಹಿಂದಿನಿಂದ ಹಾರ್ನ್ ಹೊಡೆಯುವವರನ್ನು ಮಾತ್ರ ಸಹಿಸಲಾರೆ. ನಿನ್ನೆ ಒಬ್ಬಾತ, ತುಂಬು ಗರ್ಭಿಣಿ ಎಂದು ಕಂಡೂ, "ಸ್ವಲ್ಪ ಪಕ್ಕಕ್ಕೆ ಸರಿಯಿರಿ ಮೇಡಂ" ಎಂದ. ಎಲ್ಲಿಗೆ ಸರಿಯಬೇಕು, ಬಸ್ಸಿನ ಚಕ್ರದ ಕೆಳಗೋ? ಅಡ್ಡಿಯಿಲ್ಲದ ಪಾದಚಾರಿ ಮಾರ್ಗ ಸಂವಿಧಾನದ 21ನೇ ವಿಧಿಯಡಿಯ ಹಕ್ಕು ಎಂದು ಸುಪ್ರೀಂ ಕೋರ್ಟ್ 2025ರಲ್ಲೇ ಹೇಳಿದೆ. ನಮ್ಮ ಬೀದಿಗೆ ಆ ಮಾತು ಇನ್ನೂ ಮುಟ್ಟಿಲ್ಲ.

ಮೂಲೆಯಲ್ಲಿ ಹೂ ಕಟ್ಟುವ ಅಜ್ಜಿ ಬುಟ್ಟಿ ಬಿಟ್ಟು ಎದ್ದು ಬಂದು, "ಬಾ ಮಗಳೇ" ಎಂದು ಕೈ ಹಿಡಿದು ರಸ್ತೆ ದಾಟಿಸಿದರು. ಮುಂದಿನ ತಿಂಗಳು ಕೂಸಿನ ಗಾಡಿಯನ್ನು ಇದೇ ಚಪ್ಪಡಿಗಳ ಮೇಲೆ ತಳ್ಳಬೇಕು.