ಅಜ್ಜಿಯ ಸೇರು

ಅನ್ನ ಮುದ್ದೆಯಾದ ದಿನ ಅಜ್ಜಿ ನೆನಪಾಗುತ್ತಾಳೆ. ಅಂದರೆ ವಾರಕ್ಕೆ ಮೂರು ದಿನ.

ತಪ್ಪು ಅವಳದೂ ಇದೆ. ಕೆಲಸ ಸಿಕ್ಕಿ ಬೆಂಗಳೂರಿಗೆ ಹೊರಟಾಗ ಅನ್ನ ಮಾಡೋದು ಹೇಗೆ ಅಂತ ಕೇಳಿದ್ದೆ. "ಅಕ್ಕಿ ಮೇಲೆ ಬೆರಳಿಡು. ಒಂದು ಗಣ್ಣು ಮುಳುಗುವಷ್ಟು ನೀರು ಹಾಕು. ಅದ್ರಲ್ಲಿ ಕೇಳೋದು ಎಂತ ಉಂಟು?" ಅಂದಳು. ಅಜ್ಜಿ ನಾಲ್ಕೂಮುಕ್ಕಾಲು ಅಡಿ, ನಾನು ಆರಡಿ. ಅವಳ ಗಣ್ಣು ಬೇರೆ, ನನ್ನ ಗಣ್ಣು ಬೇರೆ ಅನ್ನೋದು ಹೊಳೆಯಲು ನನಗೆ ಒಂದೂವರೆ ವರ್ಷ ಬೇಕಾಯಿತು. ಅಷ್ಟರಲ್ಲಿ ರೂಮಿನಲ್ಲಿದ್ದ ಗೆಳೆಯ ಅನ್ನವನ್ನೇ ಬಿಟ್ಟು ಚಪಾತಿಗೆ ಇಳಿದಿದ್ದ.

ಅಜ್ಜಿಯ ಅಳತೆಗಳೆಲ್ಲ ಹೀಗೆಯೇ. 1956ರಲ್ಲಿ ಸರ್ಕಾರ ಕಾಯ್ದೆ ತಂದು ಸೇರು, ಪಾವು, ಚಟಾಕುಗಳನ್ನೆಲ್ಲ ಕೆಲಸದಿಂದ ತೆಗೆದು ಮನೆಗೆ ಕಳಿಸಿತು. ಅವೆಲ್ಲ ನೆಟ್ಟಗೆ ಹೊಸನಗರದ ಕಡೆಯ ನಮ್ಮ ಅಜ್ಜಿ ಮನೆಗೇ ಬಂದು ಸೇರಿಕೊಂಡವು ಅಂತ ಕಾಣುತ್ತದೆ. ಕೇಜಿ, ಲೀಟರು ಏನಿದ್ದರೂ ಅಂಗಡಿಯವರ ವ್ಯವಹಾರ. ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ ಎಲ್ಲವೂ ಅಜ್ಜಿಯ ಲೆಕ್ಕ. ಕಷಾಯ ಕುದಿಯಬೇಕಾದ್ದು ಒಂದು ಎಲೆಯಡಿಕೆ ಹಾಕುವಷ್ಟು ಹೊತ್ತು. ದೇವಸ್ಥಾನ ಇರುವುದು ಕೂಗಳತೆ ದೂರದಲ್ಲಿ. ಒಮ್ಮೆ ಡಾಕ್ಟರು "ಮಂಡಿ ನೋವು ಎಷ್ಟು ದಿನದಿಂದ ಇದೆ ಅಜ್ಜಿ?" ಅಂತ ಕೇಳಿದರು. "ಬಾವಿಕಟ್ಟೆ ಹತ್ರ ಇದ್ದ ಹಲಸಿನ ಮರ ಒಣಗಿತಲ್ಲ, ಅವತ್ತಿಂದ" ಅಂದಳು. ಡಾಕ್ಟರು ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡಿದರು. ನನಗೂ ಆ ಮರ ಗೊತ್ತಿರಲಿಲ್ಲ.

ಒಂದೇ ಕಡೆ ಅವಳಿಗೆ ತನ್ನ ಮೈಯಳತೆ ಮೇಲೆ ನಂಬಿಕೆ ಇರಲಿಲ್ಲ. ಅದು ಹೂವಿನ ವಿಷಯದಲ್ಲಿ. ಮೊಳ ಅಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗೆ ಸರಿ, ಆದರೆ ಯಾರ ಮೊಣಕೈ? ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದಾಗೆಲ್ಲ ಅಜ್ಜಿ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ಮೊಮ್ಮಗನ ಮೇಲಿನ ಪ್ರೀತಿ ಅಂತ ನಾನು ಬೀಗುತ್ತಿದ್ದೆ. ಹೂವಿನವಳ ಮುಂದೆ ನಿಂತ ಕೂಡಲೇ "ಅಪ್ಪೀ, ಕೈ ಚಾಚು" ಅನ್ನುತ್ತಿದ್ದಳು. ನನ್ನ ಒಂದು ಮೊಳಕ್ಕೆ ಆ ಹೆಂಗಸಿನ ಒಂದೂಕಾಲು ಮೊಳ ಬೇಕು. ಕೊನೆಗೆ ಒಂದು ದಿನ ಅವಳು ಕೈ ಮುಗಿದು, "ಅಮ್ಮಾ, ನೀವು ಬನ್ನಿ, ಚೌಕಾಸಿ ಮಾಡಿ, ಬೈರಿ. ಈ ಹುಡುಗನ್ನ ಮಾತ್ರ ಮನೇಲಿ ಬಿಟ್ಟು ಬನ್ನಿ" ಅಂದಳು.

ಆದರೆ ಮನೆಯ ಎಲ್ಲ ಅಳತೆಗಳಿಗೂ ಯಜಮಾನ ಅಂದರೆ ಆ ಹಿತ್ತಾಳೆ ಸೇರು. ಅಕ್ಕಿ ಡಬ್ಬದೊಳಗೆ ಸದಾ ಅರ್ಧ ಮುಳುಗಿ ಕೂತಿರುತ್ತಿತ್ತು. ನನಗೆ ಒಂಬತ್ತೋ ಹತ್ತೋ ವರ್ಷ. ಬೇಸಿಗೆ ರಜೆ. ಅಂಗಳದಲ್ಲಿ ಒಣಗಿಸಿದ್ದ ಹಪ್ಪಳಕ್ಕೆ ಮಂಗ ಬಂತು. ನನ್ನ ಕೈಗೆ ಸಿಕ್ಕಿದ್ದು ಸೇರು. ಎಸೆದೆ. ಮಂಗನಿಗೆ ತಾಗಲಿಲ್ಲ, ಅಂಗಳದ ಕಲ್ಲಿಗೆ ತಾಗಿತು. ಮಂಗ ಒಂದು ಹಪ್ಪಳ ಕಂಕುಳಲ್ಲಿ ಇಟ್ಟುಕೊಂಡು, ಇನ್ನೊಂದನ್ನು ತಿನ್ನುತ್ತಾ ನಿಧಾನಕ್ಕೆ ಹೋಯಿತು. ಸೇರಿನ ಹೊಟ್ಟೆ ಒಳಕ್ಕೆ ಹೋಗಿತ್ತು. ನನ್ನ ಹೆಬ್ಬೆರಳು ಸರಿಯಾಗಿ ಕೂರುವಷ್ಟು ತಗ್ಗು.

ಬೆನ್ನಿಗೆ ಬೀಳುತ್ತದೆ ಅಂತ ಕಾಯುತ್ತಾ ನಿಂತೆ. ಅಜ್ಜಿ ಸೇರನ್ನು ಎತ್ತಿ, ಸೆರಗಲ್ಲಿ ಒರೆಸಿ, ಒಳಗೆ ಬೆರಳಾಡಿಸಿ ನೋಡಿದಳು. "ಹೋಗ್ಲಿ ಬಿಡು. ತಗ್ಗಿದಷ್ಟು ಮೇಲೆ ಹಾಕಿದ್ರಾಯ್ತು" ಅಂದಳು. ಅಷ್ಟೇ. ಹಪ್ಪಳಕ್ಕೆ ಮಾತ್ರ ಬೈದಳು. ಅದೂ ಮಂಗನಿಗೆ.

ಆಮೇಲೆ ಪಕ್ಕದ ಮನೆಯವರು ಅಕ್ಕಿ ಕಡ ಕೇಳಿ ಬಂದರೆ ಸೇರಿನ ಮೇಲೆ ಗೋಪುರ ಕಟ್ಟಿ ಕೊಡುತ್ತಿದ್ದಳು. ಅವರು ವಾಪಸ್ ತಂದಾಗ ಅದೇ ಸೇರಲ್ಲಿ ಅಳೆದು, ಅಂಗೈಯಲ್ಲಿ ಮಟ್ಟಸವಾಗಿ ಸವರಿ, ಉಳಿದದ್ದನ್ನು ಅವರ ಚೀಲಕ್ಕೇ ಹಾಕುತ್ತಿದ್ದಳು. ಈ ಲೆಕ್ಕದಲ್ಲಿ ನಮ್ಮ ಮನೆಗೆ ಪ್ರತಿ ಸಲ ಒಂದೆರಡು ಹಿಡಿ ನಷ್ಟ. ಅಜ್ಜ ಇದನ್ನು ಕಂಡೂ ಕಾಣದವರ ಹಾಗೆ ಪೇಪರ್ ಓದುತ್ತಿದ್ದರು. ಬುದ್ಧಿವಂತರು.

ಅಜ್ಜಿ ಹೋಗಿ ಹತ್ತು ವರ್ಷ ಆಗಿದೆ. ಮೂರು ವರ್ಷದ ಹಿಂದೆ ನನಗೆ ಇದ್ದಕ್ಕಿದ್ದಂತೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವ ಹುಚ್ಚು ಹತ್ತಿತು. ಅಜ್ಜಿ ಹೇಳಿ ನಾನು ಬರೆದುಕೊಂಡಿದ್ದ ಹಳೇ ಡೈರಿ ಸಿಕ್ಕಿದ್ದೇ ಕಾರಣ. ಅದರಲ್ಲಿ ಹೀಗಿತ್ತು: "ಮುನ್ನೂರು ಮಿಡಿ. ತೊಟ್ಟು ಇರಬೇಕು, ಸೊನೆ ಹೋದರೆ ಪರಿಮಳ ಹೋಯಿತು. ಒಂದು ಸೇರು ಹರಳುಪ್ಪು. ಪದರ ಪದರವಾಗಿ ಹಾಕು. ಮಿಡಿ ಸುಕ್ಕಾದ ಮೇಲೆ ತೆಗೆದು, ಉಪ್ಪುನೀರು ಕುದಿಸಿ ಆರಿಸು. ಸಾಸಿವೆ, ಮೆಣಸು ಅರೆದು ಹಾಕು. ಒದ್ದೆ ಕೈ ಮುಟ್ಟಿಸಿದರೆ ನೋಡು." ಕೊನೆಯದು ನನಗೆ ಹಾಕಿದ ಬೆದರಿಕೆ. ಅದನ್ನೂ ನಿಯತ್ತಾಗಿ ಬರೆದುಕೊಂಡಿದ್ದೆ.

ರಿಪ್ಪನ್‌ಪೇಟೆಯಿಂದ ಮಿಡಿ ತರಿಸಿದೆ. ಜಾಡಿ ತೊಳೆದು ಬಿಸಿಲಿಗಿಟ್ಟೆ. ನಮ್ಮ ಫ್ಲಾಟಿಗೆ ಬಿಸಿಲು ಬರುವುದು ಬೆಳಗ್ಗೆ ಇಪ್ಪತ್ತು ನಿಮಿಷ, ಅದೂ ಬಟ್ಟೆ ಒಣಹಾಕುವ ಕಂಬಿಯ ತುದಿಗೆ. ಜಾಡಿ ಹಿಡಿದುಕೊಂಡು ನಾನೇ ಬಿಸಿಲ ಹಿಂದೆ ಹೋದೆ. ಎದುರು ಬ್ಲಾಕಿನವರು ಯಾವುದೋ ವ್ರತ ಅಂದುಕೊಂಡರಂತೆ. ಉಪ್ಪಿಗೆ ಬಂದಾಗ ಫೋನಲ್ಲಿ ಹುಡುಕಿದೆ. ಒಂದು ಸೇರು ಅಂದರೆ 80 ತೊಲ, ಅಂದರೆ 933 ಗ್ರಾಂ. ನಾನು ಎಂಜಿನಿಯರು. ಡಿಜಿಟಲ್ ತಕ್ಕಡಿಯಲ್ಲಿ 933 ತೂಗಿದೆ. 934 ಬಂದಾಗ ಎರಡು ಹರಳು ತೆಗೆದೆ.

ಒಂದೂವರೆ ತಿಂಗಳಿಗೆ ಮೇಲೆಲ್ಲ ಬಿಳಿ ಬೂಷ್ಟು. ಅನುಮಾನ ಸಹಜವಾಗಿ ಹೆಂಡತಿಯ ಒದ್ದೆ ಕೈ ಮೇಲೆ ಹೋಯಿತು. ಅದನ್ನು ನಾನು ಬಾಯಿಬಿಟ್ಟು ಹೇಳಬಾರದಿತ್ತು. ಮೂರು ದಿನ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು.

ಮರುವರ್ಷ ಯಾವುದಕ್ಕೂ ಇರಲಿ ಅಂತ 933ರ ಮೇಲೆ ಹಿಡಿ ಹಿಡಿ ಸೇರಿಸುತ್ತಾ ಹೋದೆ. ಬೂಷ್ಟು ಬರಲಿಲ್ಲ. ಯಾವ ಜೀವಿಯೂ ಬರಲಿಲ್ಲ. ಬಿ.ಪಿ. ಇರುವ ನಮ್ಮ ಮಾವನವರು ಜಾಡಿಯನ್ನು ದೂರದಿಂದ ನೋಡಿಯೇ ಮಾತ್ರೆ ತಗೊಂಡರು.

ಸೋಲೊಪ್ಪಿ ಅತ್ತೆಗೆ ಫೋನ್ ಮಾಡಿದೆ. ಅಪ್ಪನ ಅಕ್ಕ. ಎಂಬತ್ತು ದಾಟಿದೆ, ಕಿವಿ ಮಂದ. ಬಯ್ಯೋದಕ್ಕೆ ಕಿವಿ ಬೇಕಾಗಿಲ್ಲ.

"ತೂಕ ಎಂತಕ್ಕೆ ಮಾಡ್ದೆ ಮಾರಾಯಾ? ಸೇರು ಅಂದ್ರೆ ನಮ್ಮನೆ ಸೇರು. ಅಳೆಯೋದು, ತೂಗೋದಲ್ಲ. ಅದೂ ಗೋಪುರ ಕಟ್ಟಿ."

"ಗೋಪುರ ಅಂತ ಅಜ್ಜಿ ಹೇಳಿರಲಿಲ್ಲವಲ್ಲ ಅತ್ತೆ!"

"ಹೇಳೋದು ಎಂತ ಅದ್ರಲ್ಲಿ? ಯಾವನೋ ಮಂಗಂಗೆ ಎಸೆದು ತಗ್ಗು ಮಾಡಿದ್ನಲ್ಲ, ಆಮೇಲಿಂದ ಅಮ್ಮ ಎಲ್ಲಾದಕ್ಕೂ ಗೋಪುರವೇ ಕಟ್ತಿದ್ಲು."

ಆ ಯಾವನೋ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಡುಗೆಮನೆಗೆ ಹೋಗಿ, ಎರಡು ವರ್ಷದ ಹಿಂದಿನ ಒದ್ದೆ ಕೈ ವಿಷಯಕ್ಕೆ ಹೆಂಡತಿಯ ಕ್ಷಮೆ ಕೇಳಿದ. ಅವಳು "ಈಗ ಏನು ಬೇಕು?" ಅಂದಳು.

ಬೇಕಾಗಿದ್ದದ್ದು ಸೇರು. ಊರಿಗೆ ಹೋದೆ. ಅಟ್ಟದಲ್ಲಿ ಇರಲಿಲ್ಲ, ದೇವರ ಕೋಣೆಯಲ್ಲಿ ಇರಲಿಲ್ಲ. ಚಿಕ್ಕಪ್ಪನ ಮಗ ಕೊಟ್ಟಿಗೆಯಲ್ಲಿ ಅದರಲ್ಲೇ ದನಕ್ಕೆ ಹಿಂಡಿ ಅಳೆಯುತ್ತಿದ್ದ. ಹೊರಗೆಲ್ಲ ಹಸಿರುಗಟ್ಟಿದೆ. ಆದರೆ ತಗ್ಗು ತಗ್ಗಾಗಿಯೇ ಇದೆ. ಹೆಬ್ಬೆರಳಿಟ್ಟು ನೋಡಿದೆ. ಈಗ ಹೆಬ್ಬೆರಳ ತುದಿ ಮಾತ್ರ ಹಿಡಿಸುತ್ತದೆ. ರಾತ್ರಿ ಬಸ್ಸಲ್ಲಿ ಲ್ಯಾಪ್‌ಟಾಪನ್ನು ಮೇಲಿಟ್ಟು ಸೇರನ್ನು ತೊಡೆ ಮೇಲಿಟ್ಟುಕೊಂಡು ಬಂದೆ. ಹಿಂಡಿ ವಾಸನೆಗೆ ಪಕ್ಕದವರು ಎರಡು ಸಲ ನನ್ನ ಕಾಲು ನೋಡಿದರು.

ಹುಣಸೆಹಣ್ಣು ಹಾಕಿ ಉಜ್ಜಿ, ಒಣಗಿಸಿ, ಈ ವರ್ಷ ಹರಳುಪ್ಪು ತುಂಬಿ ಗೋಪುರ ಕಟ್ಟಿದೆ. ಮಗಳು ಸುಮ್ನೆ ಇರಲಾರದೆ ಆ ಉಪ್ಪನ್ನು ತಕ್ಕಡಿಗೆ ಸುರಿದಳು. 1,240 ಗ್ರಾಂ. ಡೈರಿಯಲ್ಲಿ 'ಒಂದು ಸೇರು' ಅಂತ ಇದ್ದದ್ದನ್ನು ಹೊಡೆದು ಹಾಕಲು ಹೋದಳು.

"ಹೊಡೀಬೇಡ. ಪಕ್ಕದಲ್ಲಿ ಬರಿ ಬೇಕಾದ್ರೆ."

ಪಕ್ಕದಲ್ಲಿ ಬರೆದಳು: "1,240 ಗ್ರಾಂ. ಅಪ್ಪ ಸೇರು ಹಾಳು ಮಾಡಿದ್ದರಿಂದ."

ಬರೆದವಳೇ ಎದ್ದು ಕೈ ತೊಳೆದು, ನೀರು ತೊಟ್ಟಿಕ್ಕುತ್ತಿದ್ದ ಕೈಯಲ್ಲಿ ಜಾಡಿಯ ಮುಚ್ಚಳಕ್ಕೆ ಬಂದಳು. ನಾನು ಕಿರುಚಿದ್ದು ನಾಲ್ಕು ಮಹಡಿ ಕೆಳಗಿನ ವಾಚ್‌ಮನ್‌ಗೂ ಕೇಳಿಸಿತಂತೆ. ಅವನೇನು ದೂರದಲ್ಲಿರಲಿಲ್ಲ ಬಿಡಿ. ಕೂಗಳತೆ, ಅಷ್ಟೇ.