ರಕ್ತ ತೆಗೆಯುವುದು ಮೊಬೈಲ್ ನೋಡಿ ಬರುವ ಕೆಲಸವಲ್ಲ

ಹತ್ತು ದಿನದ ಆನ್‌ಲೈನ್ ಕೋರ್ಸ್ ಮುಗಿಸಿದರೆ ಫ್ಲೆಬಾಟಮಿ ಟೆಕ್ನೀಷಿಯನ್ (ಪರೀಕ್ಷೆಗೆ ರಕ್ತ ತೆಗೆಯುವವರು) ಆಗಬಹುದು, ಲ್ಯಾಬಿನಲ್ಲಿ ಕೆಲಸ ಗ್ಯಾರಂಟಿ. ಮಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಮೆಸೇಜು ಮತ್ತೆ ಮತ್ತೆ ಬರುತ್ತದೆ. ಯಾರದೋ ಮನೆಯ ಮಕ್ಕಳಿಗೆ ಕೆಲಸ ಸಿಗಲಿ ಅಂತಲೇ ಕಳಿಸುತ್ತಾರೆ. ಆದರೆ ಮಾತು ಸರಿಯಲ್ಲ.

ಪಾಠ ವಿಡಿಯೊದಲ್ಲಿ ಕೇಳಬಹುದು. ರಕ್ತನಾಳವನ್ನು ಬೆರಳಿನಿಂದಲೇ ಮುಟ್ಟಿ ಹುಡುಕಬೇಕು ಅಲ್ವಾ? ಅದು ಮೊದಲು ನಕಲಿ ತೋಳಿನ ಮೇಲೆ, ಆಮೇಲೆ ಅನುಭವಿಗಳ ಕಣ್ಣೆದುರು ರೋಗಿಗಳ ಕೈಯಲ್ಲಿ ಅಭ್ಯಾಸವಾಗಬೇಕು. ತೋಳಿಗೆ ಕಟ್ಟುವ ಪಟ್ಟಿ 1 ನಿಮಿಷಕ್ಕಿಂತ ಜಾಸ್ತಿ ಹೊತ್ತು ಇರಬಾರದು. ರಕ್ತ ತುಂಬುವ ಟ್ಯೂಬುಗಳಿಗೂ ಕ್ರಮ ಇದೆ: ಮೊದಲು ತಿಳಿನೀಲಿ ಮುಚ್ಚಳದ್ದು, ಆಮೇಲೆ ಕೆಂಪು, ನೇರಳೆ ಅದರ ನಂತರ. ನೇರಳೆ ಟ್ಯೂಬಿನಲ್ಲಿರುವ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಕೆಂಪು ಟ್ಯೂಬಿಗೆ ಸೇರಿಬಿಟ್ಟರೆ ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಸುಮ್ನೆ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ ಕಾಣಿಸುತ್ತದೆ. ಆ ರಿಪೋರ್ಟ್ ನಂಬಿ ಚಿಕಿತ್ಸೆ ಮಾಡಿದರೆ ರೋಗಿಯ ಗತಿ ಏನು?

ದುಡ್ಡು ಕಟ್ಟುವ ಮುಂಚೆ ಕೇಳಿ: ಅಭ್ಯಾಸ ಯಾವ ಆಸ್ಪತ್ರೆಯಲ್ಲಿ, ಎಷ್ಟು ಗಂಟೆ, ಸರ್ಟಿಫಿಕೇಟಿಗೆ ಮಾನ್ಯತೆ ಯಾರದು? ಆ ಮಾನ್ಯತೆ ನಿಜವೇ ಎಂದು ಸರಕಾರದ ಜಾಲತಾಣದಲ್ಲಿ ನೀವೇ ನೋಡಿ. ಕಂಕನಾಡಿಯ ಕಡೆ ಹೋದಾಗ ಒಂದೆರಡು ಲ್ಯಾಬುಗಳಲ್ಲಿ, "ಈ ಸರ್ಟಿಫಿಕೇಟ್ ಇದ್ದವರನ್ನು ಕೆಲಸಕ್ಕೆ ತೆಗೆದುಕೊಳ್ತೀರಾ?" ಎಂದು ವಿಚಾರಿಸಿ. ಅಲ್ಲೇ ಗೊತ್ತಾಗುತ್ತದೆ.